ಬೆರಕೆಗೋಧಿ ಬೆಟ್ಟ

ಇದನ್ನು ಬೆಟ್ಟ ಎನ್ನುವುದು ಊರಿನವರ ಅಭಿಮಾನವಷ್ಟೇ. ಏದುಸಿರು ಬರುವ ಮೊದಲೇ ತುದಿ ಸಿಕ್ಕಿಬಿಡುತ್ತದೆ. ಮೇಲೆ ಸುಣ್ಣ ಬಳಿದ ಪುಟ್ಟ ಚರ್ಚು, ಅದರ ಮುಂದೆ ಅಂಗಳದಷ್ಟು ಅಗಲದ ಹಾಸುಬಂಡೆ. ಸುತ್ತಲೂ ರಾಗಿ ಹೊಲಗಳೇ ಇರುವಾಗ ಗೋಧಿಯ ಹೆಸರೇಕೆ, ಅದರ ಮೇಲೆ ಬೆರಕೆ ಎಂಬ ಹಗುರ ಮಾತೇಕೆ ಎಂದು ಹೊಸಬರು ಕೇಳುತ್ತಾರೆ. ಇಲ್ಲಿನ ಹಿರಿಯರು ಆ ಹೆಸರಿಗೆ ನಾಚುವುದಿಲ್ಲ.

ಹಿಂದೆ ಈ ಸೀಮೆಗೆ ಚರ್ಚಿನ ಗುರುಗಳು ವರ್ಷಕ್ಕೊಮ್ಮೆ ಮಾತ್ರ ಬರುತ್ತಿದ್ದರಂತೆ. ಅವರು ಬಂದ ದಿನವೇ ಬಲಿಪೂಜೆ, ಅಂದೇ ಪರಮಪ್ರಸಾದ. ಉಳಿದ ದಿನಗಳಲ್ಲಿ ಜಪ ಹೇಳಿಸಿ ಸಭೆಯನ್ನು ಕಾಯುತ್ತಿದ್ದವನು ಉಪದೇಶಿ ರಾಯಪ್ಪ. ಪ್ರಸಾದದ ರೊಟ್ಟಿಗೆಂದು ಪ್ರತಿ ಮನೆಯವರೂ ಒಂದು ಹಿಡಿ ಗೋಧಿಯನ್ನು ಸಂತೆಯಿಂದ ತಂದು ಅವನ ಪುಟ್ಟಿಗೆ ಸುರಿಯಬೇಕು. ಯಾರ ಹಿಡಿ ಬೀಳಲಿಲ್ಲವೋ ಅವರಿಗೆ ಪ್ರಸಾದವಿಲ್ಲ. ಒಂದು ವರ್ಷ ಸಿಡುಬು ಬಂದು ಮನೆಮನೆಯಲ್ಲೂ ಸಾವಾಗಿತ್ತು. ಹೆತ್ತವರನ್ನು ಮುಟ್ಟಲು ಮಕ್ಕಳೇ ಹೆದರಿದಾಗ ಹೆಣಗಳನ್ನು ತೊಳೆದು ಮಣ್ಣು ಮಾಡಿದವಳು ಚೌರಮ್ಮನೆಂಬ ಮುದುಕಿ. ರೋಗ ಹೋಯಿತು, ಅವಳ ಕೈಯ ಭಯ ಹೋಗಲಿಲ್ಲ. ಪೂಜೆಯ ಬೆಳಿಗ್ಗೆ ಅವಳು ಗೋಧಿ ತಂದಾಗ ರಾಯಪ್ಪ ಪುಟ್ಟಿಯನ್ನು ಹಿಂದಕ್ಕೆಳೆದುಕೊಂಡ. "ಬ್ಯಾಡ ಕಣವ್ವ, ನಿನ್ ಕೈಯಿಂದು ಜನ ತಿನ್ನಾಕಿಲ್ಲ" ಎಂದ. "ಮುಂದಿನ ವರ್ಸಕ್ಕೆ ನಾನಿರ್ತೀನೋ ಇಲ್ವೋ ಕಣಪ್ಪ" ಎಂದವಳೇ ಎಲ್ಲರೂ ನೋಡುತ್ತಿದ್ದಂತೆ ಮಡಿಲಿನ ಗೋಧಿಯನ್ನು ಪುಟ್ಟಿಗೆ ಸುರಿದುಬಿಟ್ಟಳು.

ಗದ್ದಲವೆದ್ದಿತು. ಅವಳ ಕಾಳನ್ನು ಆರಿಸಿ ತೆಗೆಯಬೇಕೆಂದು ಜನ ಹಟ ಹಿಡಿದರು. ಭಯ ಹೊಕ್ಕ ತಲೆಗೆ ಇದು ಆಗುವ ಹೋಗುವ ಕೆಲಸವೇ ಎಂದು ಹೊಳೆಯಬೇಕಲ್ಲ! ಗೋಧಿಯನ್ನೆಲ್ಲ ಹಾಸುಬಂಡೆಯ ಮೇಲೆ ಹರಡಿ, ರಾಯಪ್ಪನೇ ಮುಂದಾಗಿ, ಆರಿಸಲು ಕುಳಿತರು. ಅಷ್ಟರಲ್ಲಿ ಗುರುಗಳು ಬಂದು ಸಂಗತಿ ಕೇಳಿ ತಿಳಿದರು. ಬೈಯಲಿಲ್ಲ. "ಆರಿಸಿ ಮುಗಿಸಿ. ಆಮೇಲೆ ಪೂಜೆ" ಎಂದು ಬಿಸಿಲಿನಲ್ಲೇ ಕುಳಿತುಬಿಟ್ಟರು. ಪ್ರಸಾದಕ್ಕೆ ಮೊದಲು ತೊಟ್ಟು ನೀರೂ ಕುಡಿಯಬಾರದೆಂಬುದು ಆಗಿನ ಕಟ್ಟಳೆ. ಬಿಸಿಲೇರಿತು, ನಾಲಗೆಗಳು ಒಣಗಿದವು, ಎಳೆಯ ಕಾಳು ಯಾರದು, ಬಲಿತ ಕಾಳು ಯಾರದು ಎಂಬ ಜಗಳವೂ ಸೋತು ನಿಂತಿತು. ಕೊನೆಗೆ ರಾಯಪ್ಪ ರೋಸಿಹೋಗಿ, "ನಿಂದು ಯಾವ್ದು ಅಂತ ನೀನಾದ್ರೂ ತೋರ್ಸವ್ವ" ಎಂದ. ಚೌರಮ್ಮ ಬಗ್ಗಿ ನೋಡಿದಳು. "ನಂಗೂ ಗೊತ್ತಾಗಾಕಿಲ್ಲ. ಅವತ್ತು ನಿಮ್ಮವ್ವನ್ನ ತೊಳ್ದಾಗ ಯಾರ ಕೈ ಅಂತ ನೀನೂ ಕೇಳ್ನಿಲ್ಲ" ಎಂದಳು. ಆ ದಿನ ತಾನು ಬೇಲಿಯಾಚೆ ಮೂಗಿಗೆ ಬಟ್ಟೆ ಹಿಡಿದು ನಿಂತಿದ್ದು ರಾಯಪ್ಪನ ಕಣ್ಣಿಗೆ ಕಟ್ಟಿತು. ಅವನು ಅಷ್ಟೂ ಕಾಳನ್ನು ಬಾಚಿ ಪುಟ್ಟಿಗೆ ತುಂಬಿದ, ಬೀಸುವ ಕಲ್ಲಿನ ಮುಂದೆ ಅವಳನ್ನು ಕೂರಿಸಿ, ಎದುರಿಗೆ ತಾನೂ ಕುಳಿತು ಗೂಟ ಹಿಡಿದ. ಒಂದೇ ಗೂಟದ ಮೇಲೆ ಇಬ್ಬರ ಕೈ ತಿರುಗುವುದನ್ನು ಊರೆಲ್ಲ ನೋಡಿತು. ಆ ಹಿಟ್ಟಿನ ರೊಟ್ಟಿಯೇ ಅಂದು ಪೂಜೆಗೆ ಬಂದಿತು.

ಸುತ್ತಲಿನ ಊರಿನವರು ಇವರನ್ನು ಬೆರಕೆಗೋಧಿಯವರೆಂದು ಬಹುಕಾಲ ಆಡಿಕೊಂಡರು. ಆ ಹೆಸರೇ ಬೆಟ್ಟಕ್ಕೆ ಉಳಿಯಿತು ಎನ್ನುತ್ತಾರೆ. ಅಂದು ಮೊದಲ ಪ್ರಸಾದ ಚೌರಮ್ಮನಿಗೆ ಸಂದಿತು. ರಾಯಪ್ಪ ಮಾತ್ರ ಎಷ್ಟು ಕರೆದರೂ ಮುಂದೆ ಬರಲಿಲ್ಲ, ಎಲ್ಲರೂ ಪ್ರಸಾದ ಪಡೆದ ಮೇಲೆ ಕಟ್ಟಕಡೆಗೆ ಬಂದು ಮೊಣಕಾಲೂರಿದ. ಇಂದಿಗೂ ಪೂಜೆಯ ದಿನ ಬೆಟ್ಟ ಹತ್ತಿದವರು ನೋಡಬಹುದು: ಪ್ರಸಾದದ ಸಾಲಿನಲ್ಲಿ ಈಚೆಗೆ ಬಂದ ಪರವೂರಿನವನ ಹಿಂದೆ, ಎಲ್ಲರಿಗಿಂತ ಕೊನೆಯಲ್ಲಿ, ಇಲ್ಲಿನ ಈಗಿನ ಉಪದೇಶಿಯೂ ಕೈಮುಗಿದು ನಿಂತಿರುತ್ತಾನೆ.