ಹುಳು ಆರಿಸುವವಳು

೨೦೧೯ರ ಫೆಬ್ರವರಿ ೧೩, ಬುಧವಾರ. ಬೆಳಿಗ್ಗೆ ಮಂಜಿತ್ತು, ಹತ್ತು ಗಂಟೆಗೆ ಬಿಸಿಲು ಬಂತು.

"ಸರ್, ಕಾವಲಿಗೆ ಇರುವವರೇ ಮನೆಯನ್ನು ತಿನ್ನುತ್ತಿದ್ದರೆ ಅವರನ್ನು ಮುಗಿಸುವುದು ತಪ್ಪೇ?" ಎಂದು ತಬಸ್ಸುಮ್ ಕೇಳಿದಳು.

ಅವಳು ಕಣ್ಣಿನ ಆಸ್ಪತ್ರೆಯೊಂದರಲ್ಲಿ ಕಲಿಯುತ್ತಿದ್ದ ವೈದ್ಯೆ. ಕೇಳಿದ್ದು ತನ್ನ ಗುರು ಚಿಕ್ಕವೀರಯ್ಯನವರನ್ನು. ಪ್ರಶ್ನೆಯ ಹಿಂದೆ ಗಂಗರಾಜು ಎಂಬ ಕಲ್ಲುಕುಟಿಗನಿದ್ದ. ಅವನ ಒಂದು ಕಣ್ಣು ಬಾಲ್ಯದಲ್ಲೇ ಹೋಗಿತ್ತು. ಉಳಿದ ಕಣ್ಣಿಗೆ ಎರಡು ವಾರದ ಹಿಂದೆ ಕಲ್ಲಿನ ಚೂರು ಹೊಕ್ಕಿತು. ಚೂರನ್ನು ತೆಗೆದರು. ಹರಿದ ಅಕ್ಷಿಪಟಲವನ್ನು ಮತ್ತೆ ಕೂರಿಸಿದರು. ಗಾಯ ಮಾಯಿತು, ಕೀವಾಗಲಿಲ್ಲ. ಆದರೂ ದೃಷ್ಟಿ ದಿನದಿನಕ್ಕೆ ಇಳಿಯುತ್ತಿತ್ತು. ಪೆಟ್ಟಿಗೆ ಕೆರಳಿದ ಕಾವಲು ಕೋಶಗಳು ಸತ್ತ ಕೋಶಗಳ ಜೊತೆಗೆ, ಬೆಳಕನ್ನು ಹಿಡಿಯುವ ಜೀವಂತ ಕೋಶಗಳನ್ನೂ ನುಂಗುತ್ತಿವೆ ಎಂಬುದು ಇಬ್ಬರ ಅಂದಾಜೂ ಆಗಿತ್ತು. ಆ ಕಾವಲನ್ನು ಅಡಗಿಸಲು ಮದ್ದಿತ್ತು. ಎಷ್ಟು, ಎಷ್ಟು ದಿನ ಎಂಬುದನ್ನು ಇವತ್ತೇ ಬರೆಯಬೇಕಿತ್ತು. ತಬಸ್ಸುಮ್ ದೊಡ್ಡ ಪ್ರಮಾಣ ಬರೆದು, ತಿಂಗಳುಗಟ್ಟಲೆ ಕೊಡಬೇಕೆಂದು ಸೇರಿಸಿ, ಚೀಟಿಯನ್ನು ಸಹಿಗೆ ತಂದಿದ್ದಳು.

ಗುರುಗಳು ಚೀಟಿ ಓದಿದರು. ಸಹಿ ಮಾಡಲಿಲ್ಲ.

"ನಿಮ್ಮದು ಶಿಡ್ಲಘಟ್ಟ ಅಲ್ಲವೇನಮ್ಮ?"

"ಹೌದು ಸರ್. ನಮ್ಮಜ್ಜನ ಕಾಲದಿಂದ ರೇಷ್ಮೆ."

"ರೇಷ್ಮೆ ಅಂದರೆ ನೂಲು ಬಿಚ್ಚುವುದು. ಗೂಡನ್ನು ಬಿಸಿನೀರಿಗೆ ಹಾಕುವಲ್ಲಿಂದ ನಿಮ್ಮ ರೇಷ್ಮೆ ಶುರು. ಹುಳು ಸಾಕುವವರ ಮನೆ ಕಂಡಿದ್ದೀಯಾ?"

"ಹುಳು ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ ಸರ್."

"ಹಾಗಾದರೆ ಕಣ್ಣು ಮುಚ್ಚಿಕೊಂಡು ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ರೈತನಿದ್ದ. ಅವನು ಬೆಳೆಯುತ್ತಿದ್ದುದು ಬಿತ್ತನೆ ಗೂಡು. ಅವನ ಗೂಡುಗಳಿಂದ ಹೊರಬರುವ ಚಿಟ್ಟೆಗಳು ಮೊಟ್ಟೆಯಿಟ್ಟರೆ ಮಾತ್ರ ಊರಿನ ನಲವತ್ತು ಮನೆಗಳಿಗೆ ಮುಂದಿನ ಹುಳು. ಅವನ ಮನೆಯಲ್ಲಿ ಇಪ್ಪತ್ತು ತಟ್ಟೆ ಹುಳುಗಳಿದ್ದವು.

ಆ ಮನೆಯಲ್ಲಿ ಒಬ್ಬ ಹೆಂಗಸು ಕೆಲಸಕ್ಕಿದ್ದಳು. ಸೊಪ್ಪು ಕೊಯ್ಯುವುದು, ಹಾಕುವುದು ಬೇರೆಯವರ ಪಾಲು. ಅವಳದು ನೋಡುವ ಕೆಲಸ. ತಟ್ಟೆಯಿಂದ ತಟ್ಟೆಗೆ ನಡೆಯುತ್ತಿದ್ದಳು. ಕೊನೆಯ ತಟ್ಟೆ ಮುಗಿದರೆ ಮತ್ತೆ ಮೊದಲನೆಯದಕ್ಕೆ ಬರುತ್ತಿದ್ದಳು. ರೋಗದ ಹುಳು ಕಂಡರೆ ಎರಡು ಬೆರಳಲ್ಲಿ ಎತ್ತಿ ಸುಣ್ಣದ ನೀರಿನ ಮಡಕೆಗೆ ಹಾಕುತ್ತಿದ್ದಳು.

ರೇಷ್ಮೆಹುಳುವಿಗೆ ಹಾಲುತೊಂಡೆ ಎಂಬ ರೋಗವಿದೆ. ಹುಳು ಊದಿಕೊಳ್ಳುತ್ತದೆ, ಚರ್ಮ ಮಿರುಗುತ್ತದೆ, ಕೊನೆಗೆ ಒಡೆದು ಹಾಲಿನಂಥ ರಸ ಸೋರುತ್ತದೆ. ರಸ ಬಿದ್ದ ಎಲೆಯನ್ನು ತಿಂದ ಹುಳುವೂ ಹೋಗುತ್ತದೆ. ಮಿರುಗಿದ ಮೇಲೆ ಯಾರಿಗಾದರೂ ಕಾಣುತ್ತದೆ. ಈ ಹೆಂಗಸು ಮಿರುಗುವ ಮೊದಲೇ ಎತ್ತುತ್ತಿದ್ದಳು. ಹೊಸ ಸೊಪ್ಪು ಬಿದ್ದಾಗ ಆರೋಗ್ಯದ ಹುಳು ತಲೆ ಎತ್ತುತ್ತದೆ. ಯಾವುದು ಒಂದು ಉಸಿರಿನಷ್ಟು ತಡಮಾಡಿತೋ ಅದನ್ನು ಅವಳ ಬೆರಳು ಬಲ್ಲದು. ಅಷ್ಟು ಸಾವಿರ ಹುಳುಗಳ ನಡುವೆ ಅದೊಂದನ್ನೇ ಎತ್ತುತ್ತಿದ್ದಳು. ಪಕ್ಕದ ಹುಳು ತಿನ್ನುವುದನ್ನು ನಿಲ್ಲಿಸುತ್ತಿರಲಿಲ್ಲ. ಏಳು ವರ್ಷ ಆ ಮನೆಯಲ್ಲಿ ಒಂದು ಬೆಳೆಯೂ ಕೆಡಲಿಲ್ಲ. ಬಂದವರು ಗೂಡನ್ನು ಹೊಗಳಿದರು, ಸೊಪ್ಪನ್ನು ಹೊಗಳಿದರು, ರೈತನ ಕೈಗುಣವನ್ನು ಹೊಗಳಿದರು. ಅಲ್ಲಿ ಅಂಥ ಒಬ್ಬಳಿದ್ದಾಳೆ ಎಂಬುದೇ ಅವರಿಗೆ ತಿಳಿದಿರಲಿಲ್ಲ.

ಎಂಟನೇ ವರ್ಷ ಒಂದು ಬೆಳಿಗ್ಗೆ ಪಕ್ಕದ ಹೊಲದವನು ಮೆಣಸಿನ ಗಿಡಕ್ಕೆ ಔಷಧಿ ಹೊಡೆದ. ಗಾಳಿ ತಿರುಗಿತು. ಕಿಟಕಿಗಳು ತೆರೆದಿದ್ದವು. ಇಪ್ಪತ್ತು ತಟ್ಟೆಯ ಹುಳುಗಳೂ ಮುದುರಿ ಬಿದ್ದವು. ಸೊಪ್ಪು ಹಾಕಿದರೆ ಒಂದೂ ತಲೆ ಎತ್ತಲಿಲ್ಲ.

ತಲೆ ಎತ್ತದ ಹುಳುವನ್ನು ಎತ್ತಿ ಹಾಕಬೇಕು. ಏಳು ವರ್ಷ ಮನೆ ಉಳಿಸಿದ್ದು ಆ ನಿಯಮವೇ. ಅವಳು ಎತ್ತಲು ಶುರುಮಾಡಿದಳು. ಎರಡು ಬೆರಳು ಸಾಲಲಿಲ್ಲ, ಎರಡು ಕೈಯಿಂದ ಬಾಚಿದಳು. ಕೈ ಸಾಲದಾದಾಗ ಬಾಗಿಲಿಗೆ ಬಂದು, "ಬನ್ರೇ, ಮನೆ ಹೋಗ್ತಾ ಇದೆ!" ಎಂದು ಕೂಗಿದಳು. ಬೇರೆ ಸಾಕಣೆ ಮನೆಗಳಿಂದ ನಾಲ್ವರು ಹೆಂಗಸರು ಓಡಿ ಬಂದರು. ಅವರಿಗೆ ಈ ಮನೆಯ ಹುಳುವಿನ ಪರಿಚಯವಿರಲಿಲ್ಲ. ಅವಳು ಮಾಡಿದ್ದನ್ನು ನೋಡಿ ತಾವೂ ಮಾಡಿದರು. ಯಾರೂ ಕೂರಲಿಲ್ಲ, ನೀರು ಕುಡಿಯಲಿಲ್ಲ. ಸಂಜೆಯ ಹೊತ್ತಿಗೆ ಹದಿನೆಂಟು ತಟ್ಟೆ ಖಾಲಿಯಾದವು. ಅಷ್ಟರಲ್ಲಿ ಸುಣ್ಣ ತೀರಿತು. ಎರಡು ತಟ್ಟೆ ಹಾಗೇ ಉಳಿದವು.

ಮರುದಿನ ಬೆಳಿಗ್ಗೆ ಆ ಎರಡು ತಟ್ಟೆಯ ಹುಳುಗಳು ಸೊಪ್ಪು ತಿನ್ನುತ್ತಿದ್ದವು.

ರೈತನೂ ಅವಳೂ ತಟ್ಟೆಯ ಮುಂದೆ ನಿಂತರು. ಎಲೆ ತಿನ್ನುವ ಸದ್ದು ಮನೆಯೆಲ್ಲ ಕೇಳುತ್ತಿತ್ತು.

"ಇವೂ ನಿನ್ನೆ ಹಾಗೇ ಬಿದ್ದಿದ್ದವು ಅಣ್ಣ" ಎಂದಳು ಅವಳು.

"ಹುಳ ಕೊಂದಿದ್ದು ಔಷಧಿಯಲ್ಲ ಕಣಕ್ಕ, ನೀನು. ನಾಳೆಯಿಂದ ಬರಬೇಡ."

ಅವಳು ಕೈ ತೊಳೆದುಕೊಂಡು ಹೋದಳು.

ಮುಂದಿನ ಬೆಳೆಗೆ ರೈತ ಯಾರನ್ನೂ ಆ ಕೆಲಸಕ್ಕೆ ಇಡಲಿಲ್ಲ. ಮನೆ ಅದೇ, ಸೊಪ್ಪು ಅದೇ. ಹೊರಗಿನಿಂದ ಯಾವ ಪೆಟ್ಟೂ ಬೀಳಲಿಲ್ಲ. ಮೂರನೇ ತಟ್ಟೆಯಲ್ಲಿ ಒಂದು ಹುಳು ತಲೆ ಎತ್ತಲು ತಡಮಾಡಿತು. ನೋಡಲು ಯಾರೂ ಇರಲಿಲ್ಲ. ಅದು ಊದಿತು, ಮಿರುಗಿತು, ಒಡೆಯಿತು. ಆರು ದಿನದಲ್ಲಿ ಇಪ್ಪತ್ತು ತಟ್ಟೆಯೂ ಹೋದವು. ಹಿಂದಿನ ಸಲ ಎರಡಾದರೂ ಉಳಿದಿದ್ದವು.

ರೈತ ಅವಳ ಮನೆಗೆ ಹೋದ. ಅವಳು ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಅವನು ನಿಂತೇ ಇದ್ದ.

"ಬಾ ಅಕ್ಕ" ಎಂದ.

"ಬರ್ತೀನಿ. ಆದರೆ ಮನೆಗೆ ಪೆಟ್ಟು ಬಿದ್ದ ದಿನ ನನ್ನ ಕೈ ಕಟ್ಟಿಬಿಡು. ಮೂರು ದಿನ."

"ಕೈ ಕಟ್ಟಿದ ಮೇಲೆ ನೀನು ಇದ್ದೇನು ಬಂತು?"

"ಬಾಯಿ ಇರುತ್ತಲ್ಲ. ಗಾಳಿ ಆಡೋ ಹಾಗೆ ಮಾಡಿಸ್ತೀನಿ, ಎಳೆ ಸೊಪ್ಪು ಹಾಕಿಸ್ತೀನಿ, ಹೊರಗಿನ ಹೆಂಗಸರು ಓಡಿ ಬಂದರೆ ಬಾಗಿಲಲ್ಲೇ ಬೈದು ಕಳಿಸ್ತೀನಿ. ಮೂರೇ ದಿನ, ನೆನಪಿಟ್ಟುಕೋ. ನಾಲ್ಕನೇ ದಿನವೂ ಕಟ್ಟಿದರೆ ನೀನೇ ಕೂತು ಹುಳ ಆರಿಸು."

ಅವಳು ಬಂದಳು. ರೈತ ಬೇರೆ ಊರಿನಿಂದ ಮೊಟ್ಟೆ ತಂದು ಎಬ್ಬಿಸಿದ ಆ ಬೆಳೆಯಲ್ಲೂ ಪೆಟ್ಟು ಬಿತ್ತು. ಚಳಿಗೆಂದು ಇಟ್ಟಿದ್ದ ಇದ್ದಿಲ ಒಲೆಯ ಹೊಗೆ ಮನೆ ತುಂಬಿತು. ಹುಳುಗಳು ಮುದುರಿ ಬಿದ್ದವು. ಅವಳು ತಾನೇ ಬಂದು ರೈತನ ಮುಂದೆ ಕೈ ಚಾಚಿದಳು. ಅವನು ಹಳೆಯ ಸೀರೆಯ ಅಂಚಿನಿಂದ ಕಟ್ಟಿದ. ಅವಳು ತಟ್ಟೆಗಳ ನಡುವೆ ಕೂತಳು. ಕಿಟಕಿ ತೆರೆಸಿದಳು, ಎಳೆ ಸೊಪ್ಪನ್ನು ತೆಳ್ಳಗೆ ಹಾಕಿಸಿದಳು. ಓಡಿ ಬಂದ ಹೆಂಗಸರನ್ನು ಬಾಗಿಲಲ್ಲೇ ತಡೆದಳು. ಮೂರು ದಿನವೂ ಅವಳ ಬೆರಳುಗಳು ಕಟ್ಟಿನೊಳಗೆ ಆಡುತ್ತಲೇ ಇದ್ದವು. ಅವಳು ಬಿಚ್ಚೆನ್ನಲಿಲ್ಲ. ನಾಲ್ಕನೇ ಬೆಳಿಗ್ಗೆ ರೈತ ಕಟ್ಟು ಬಿಚ್ಚಿದ. ಅವಳು ಎದ್ದು ಮೊದಲ ತಟ್ಟೆಯಿಂದ ನಡೆಯಲು ಶುರುಮಾಡಿದಳು. ಆ ವರ್ಷ ನಲವತ್ತು ಮನೆಗೂ ಹುಳು ಸಿಕ್ಕಿತು.

ಗುರುಗಳು ನಿಲ್ಲಿಸಿದರು.

"ಅವಳಿಗೆ ಬುದ್ಧಿಯಿತ್ತು ಸರ್. ಕೈ ಕಟ್ಟು ಅಂತ ಅವಳೇ ಕೇಳಿದಳು. ಕಣ್ಣಿನೊಳಗಿನ ಕಾವಲಿಗೆ ಕೇಳುವ ಬಾಯಿಲ್ಲವಲ್ಲ" ಎಂದಳು ತಬಸ್ಸುಮ್.

"ಅದಕ್ಕೇ ನಿನ್ನನ್ನು ಓದಿಸಿದ್ದು."

ತಬಸ್ಸುಮ್ ಚೀಟಿಯನ್ನು ಹಿಂದಕ್ಕೆ ಎಳೆದುಕೊಂಡಳು. ಪ್ರಮಾಣವನ್ನು ಹೊಡೆದುಹಾಕಿ ಕಡಿಮೆ ಬರೆದಳು. ತಿಂಗಳುಗಳನ್ನು ಹೊಡೆದುಹಾಕಿ ದಿನಗಳನ್ನು ಬರೆದಳು. ಕೊನೆಯ ದಿನದ ತಾರೀಖನ್ನು ಬರೆದು ಅದರ ಕೆಳಗೆ ಗೆರೆ ಎಳೆದಳು. ಗುರುಗಳು ಸಹಿ ಮಾಡಿದರು.

ಅವಳು ಏಳಲಿಲ್ಲ.

"ಗಂಗರಾಜು ದಿನಾ ಕೇಳುತ್ತಾನೆ ಸರ್, ಮೊದಲಿನ ಹಾಗೆ ಪೂರ್ತಿ ಕಾಣುತ್ತದಾ ಅಂತ. ಈಗ ಹೋಗಿ ಏನು ಹೇಳಲಿ? ಆ ಮೂರು ದಿನಕ್ಕೆ ಮನೆ ಏನೂ ತೆರಲಿಲ್ಲವೇ?"

"ಒಂದು ತಟ್ಟೆ ಹೋಯಿತು, ಅದು ಹೋಗುತ್ತದೆಂದು ಅವಳಿಗೆ ಮೊದಲ ದಿನವೇ ಗೊತ್ತಿತ್ತು, ಆದರೆ ಹಿಂದೆ ಆ ಹದಿನೆಂಟು ತಟ್ಟೆಯೂ ಹೋಗುತ್ತವೆಂದು ಅವಳಿಗೆ ಇಷ್ಟೇ ಖಚಿತವಾಗಿ ಅನ್ನಿಸಿತ್ತು, ಅದಕ್ಕೇ ಕೈ ಕಟ್ಟಿಸಿಕೊಂಡಳು. ಗಂಗರಾಜುವಿಗೂ ಅಷ್ಟೇ ಹೇಳು, ಸ್ವಲ್ಪ ಹೋಗಬಹುದು, ಉಳಿದದ್ದನ್ನು ಉಳಿಸಲು ನೋಡುತ್ತೇವೆ ಅಂತ."