ಮರಕುಟಿಗನ ಪರವಾನಗಿ

ಕಾಡಿನ ವೈದ್ಯ ಮಂಡಳಿಯಿಂದ ಹುಳುಕು ತೆಗೆಯುವ ಪರವಾನಗಿ ಸಿಕ್ಕಿದ್ದೇ ತಡ, ಮರಕುಟಿಗನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಂಡ ಮರಗಳನ್ನೆಲ್ಲ ಕುಟ್ಟಿ ಮುಗಿಸಿ, ಅದೇ ಹುರುಪಿನಲ್ಲಿ, ಹಲ್ಲುನೋವೆಂದು ನರಳುತ್ತಿದ್ದ ಕರಡಿಯ ಬಾಯಿಗೂ ಕೊಕ್ಕು ಹಾಕಿತು.

ಮರುದಿನ ಕರಡಿ ಕೆನ್ನೆ ಊದಿಸಿಕೊಂಡು ಮಂಡಳಿಗೆ ಬಂತು. "ನೋವಿದ್ದದ್ದು ಎಡಗಡೆ ಸ್ವಾಮಿ, ಉದುರಿದ್ದು ಬಲಗಡೆ!"

ಒಣಕೊಂಬೆಯ ಮೇಲೆ ಕೂತಿದ್ದ ಮಂಡಳಿಯ ಅಧ್ಯಕ್ಷ, ಒಂದು ಮುದಿ ಮುಸುವ, ಮರಕುಟಿಗನನ್ನು ಕರೆಸಿ ಗದರಿತು: "ಏನಯ್ಯಾ, ಪರವಾನಗಿ ಕಿತ್ತುಕೊಳ್ಳಲೇ?"

"ಹುಳುಕು ತೆಗೆ ಅಂದವರು ತಾವೇ. ಹಲ್ಲಿನದೂ ಹುಳುಕೇ ಅಲ್ಲವೇ ಸ್ವಾಮಿ?" ಎಂದಿತು ಮರಕುಟಿಗ.

ಮುಸುವ ತಲೆ ಕೆರೆದುಕೊಂಡಿತು. "ಹಾಗಾದರೆ ಕೇಳು. ಇನ್ನು ಮೇಲೆ ಮರದ ಹುಳುಕು ಮಾತ್ರ. ಅದು ಎಲ್ಲಿದ್ದರೂ ಬಿಡಬೇಡ, ಬೇರೆಯದನ್ನು ಮುಟ್ಟಬೇಡ!"

ಪರವಾನಗಿ ಉಳಿಯಿತಲ್ಲ ಎಂದು ಮರಕುಟಿಗ ಹಿಗ್ಗಿ ಹೀರೇಕಾಯಿಯಾಯಿತು. ಹಾರಲೆಂದು ರೆಕ್ಕೆ ಬಿಚ್ಚಿದ್ದು, ಯಾಕೋ ನಿಂತು ಕಿವಿಗೊಟ್ಟಿತು. ಮರುಕ್ಷಣವೇ ಅಧ್ಯಕ್ಷರ ಕೊಂಬೆಗೆ ಹಾರಿ ಟಕಟಕಟಕ ಕುಟ್ಟತೊಡಗಿತು.

"ಏಯ್, ಇದು ಮಂಡಳಿಯ ಪೀಠ ಕಣೋ!" ಎಂದು ಮುಸುವ ಕಿರುಚುವಷ್ಟರಲ್ಲಿ ಕೊಂಬೆ ಲಟಕ್ಕನೆ ಮುರಿದು, ಅಧ್ಯಕ್ಷರು ಕರಡಿಯ ಮಡಿಲಿಗೆ ಬಿದ್ದರು.

ಸಿಕ್ಕ ಹುಳುವನ್ನು ನುಂಗಿ ಮರಕುಟಿಗ ವಿನಯದಿಂದ ತಲೆಬಾಗಿತು: "ಪೀಠವೂ ಮರದ್ದೇ ಅಲ್ಲವೇ ಸ್ವಾಮಿ?"