ಆನೆ ಹೆಜ್ಜೆಯ ಪೂಜೆ

ಮಠದ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಸಿದ್ದಮಲ್ಲ ಒಂದು ದಿನ ಗುರುಗಳನ್ನು ಕೇಳಿದ: "ಬುದ್ಧಿ, ನಮ್ಮ ಆಸ್ಪತ್ರೆಗೆ ಇವತ್ತಿನವರೆಗೆ ಒಬ್ಬ ಸೈಬರ್ ಕಳ್ಳನೂ ನುಗ್ಗಿಲ್ಲ. ರೋಗಿಗಳ ವಿವರವೆಲ್ಲ ಭದ್ರವಾಗಿದೆ. ಆದರೂ ಬೇರೆ ಊರಿನ ಆಸ್ಪತ್ರೆ, ಬ್ಯಾಂಕುಗಳಿಗೆ ಕಳ್ಳರು ಹೇಗೆ ನುಗ್ಗಿದರು, ಹೋದ ವರ್ಷ ಯಾವ ದಾರಿ ಹಿಡಿದಿದ್ದರು, ಈ ವರ್ಷ ಯಾವ ದಾರಿ ಹಿಡಿದಿದ್ದಾರೆ ಎಂದು ವಾರವಾರವೂ ಓದು ಎನ್ನುತ್ತೀರಿ. ಅದರಿಂದ ನಮಗೇನು?"

ಗುರುಗಳು ನಕ್ಕರು. ಈ ಶಿಷ್ಯನ ಮೇಲೆ ಅವರಿಗೆ ಬಹಳ ಪ್ರೀತಿ. ಪ್ರೀತಿ ಬಂದಾಗ ಅಣಕಿಸುವುದು ಅವರ ಅಭ್ಯಾಸ. ಬೀಗವನ್ನು ಕಂಪ್ಯೂಟರಿಗೆ ಹಾಕಿದೆಯೋ, ನಿನ್ನ ತಲೆಗೆ ಹಾಕಿದೆಯೋ ಎಂದು ಕೇಳಿ, ಪಕ್ಕದಲ್ಲಿ ಕೂರಿಸಿಕೊಂಡು ಹೇಳತೊಡಗಿದರು.

ಕಾಡಂಚಿನ ಹಳ್ಳಿಯಲ್ಲಿ ಒಬ್ಬ ರೈತನಿದ್ದ. ಒಳ್ಳೆಯವನೇ ಕಣಪ್ಪ, ಮೈಮುರಿದು ದುಡಿಯುವವನು. ಆ ವರ್ಷ ಅವನ ರಾಗಿ ತೆನೆ ಬಲಿತು ನಿಂತಿತ್ತು. ಮಗಳು ಬಾಣಂತನಕ್ಕೆ ಬಂದಿದ್ದಳು. ಮನೆಮಂದಿಯ ವರ್ಷದ ಊಟವೆಲ್ಲ ಆ ಹೊಲದಲ್ಲೇ ಇತ್ತು. ಆನೆ ಬಾರದಿರಲೆಂದು ಸುತ್ತ ಕಂದಕ ತೋಡಿಸಿದ್ದ, ಅದರ ಒಳಬದಿಗೆ ಕರೆಂಟಿನ ತಂತಿ ಬೇಲಿ ಎಳೆಸಿದ್ದ. ಊರಿನಲ್ಲಿ ಅಷ್ಟು ಗಟ್ಟಿ ಬೇಲಿ ಇನ್ನೊಂದಿರಲಿಲ್ಲ.

ಆ ಊರಿನದೊಂದು ಪದ್ಧತಿ. ಯಾರ ಹೊಲಕ್ಕೆ ಆನೆ ನುಗ್ಗಿದರೂ ಬೆಳಗ್ಗೆ ಎಲ್ಲರೂ ಅಲ್ಲಿಗೆ ಹೋಗಿ, ಆನೆಯ ಹೆಜ್ಜೆಗೆ ಅರಿಸಿನ ಕುಂಕುಮ ಹಾಕಿ, ಗಣಪ ಎಂದು ಕೈಮುಗಿಯುವರು. ಬೆಳೆ ಕಳೆದುಕೊಂಡವನೂ ಕೈಮುಗಿಯುವನು, ಆಮೇಲೆ ಬಾಯಿತುಂಬ ಬೈಯುವನು. ಅಷ್ಟಕ್ಕೇ ಬಿಡುತ್ತಿರಲಿಲ್ಲ. ಗಣಪ ಎಲ್ಲಿಂದ ಬಂದ, ಹೇಗೆ ದಾಟಿದ ಎಂದು ಹೆಜ್ಜೆ ಹಿಡಿದು ಹೋಗಿ ನೋಡುವರು. ಒಬ್ಬನ ಹೊಲದಲ್ಲಿ ಆನೆ ಕಂದಕದ ಅಂಚನ್ನು ಒದ್ದು, ಮಣ್ಣು ತುಂಬಿ ದಾಟಿತ್ತು. ನೋಡಿದವರು ಮನೆಗೆ ಬಂದು ತಮ್ಮ ಕಂದಕದ ಅಂಚಿಗೆ ಕಲ್ಲು ಕಟ್ಟಿದರು. ರೈತನ ಪಕ್ಕದ ಹೊಲ ಒಬ್ಬ ಹೆಂಗಸಿನದು. ಅಲ್ಲಿ ಆನೆ ಒಣಮರವೊಂದನ್ನು ತಂತಿಯ ಮೇಲೆ ಕೆಡವಿ, ಅದನ್ನೇ ತುಳಿದುಕೊಂಡು ಬಂದಿತ್ತು. ಒಣಮರ ತುಳಿದರೆ ಕರೆಂಟು ಹೊಡೆಯುವುದಿಲ್ಲವೆಂದು ಅದಕ್ಕೆ ತಿಳಿದುಹೋಗಿತ್ತು. ನೋಡಿದವರು ಬೇಲಿ ಪಕ್ಕದ ಮರಗಳನ್ನು ಕಡಿದುಹಾಕಿದರು.

ನಮ್ಮ ರೈತ ಮಾತ್ರ ಒಮ್ಮೆಯೂ ಹೋಗಲಿಲ್ಲ. ಹಾಳಾದ ಹೊಲ ನೋಡಿ ನನಗೇನಾಗಬೇಕಾಗಿದೆ, ನನ್ನ ಗಣಪ ದೇವರ ಕೋಣೆಯಲ್ಲೇ ಇದ್ದಾನೆ ಎನ್ನುತ್ತಿದ್ದ.

ಕೊಯ್ಲಿಗೆ ಆಳು ಹೇಳಿಬಂದ ಮರುದಿನ ಬೆಳಗ್ಗೆ ಹೋಗಿ ನೋಡುತ್ತಾನೆ, ಹೊಲದಲ್ಲಿ ಒಂದು ತೆನೆಯೂ ಇಲ್ಲ. ಕಂದಕಕ್ಕೆ ಮಣ್ಣು ತುಂಬಿದೆ. ಬದುವಿನ ಮೇಲಿದ್ದ ಒಣ ಹುಣಸೆಮರ ತಂತಿಯ ಮೇಲೆ ಮಲಗಿದೆ. ಪಾಪ, ಅಲ್ಲೇ ಕುಸಿದು ಕೂತು ಅತ್ತ. ಊರವರು ಎಂದಿನಂತೆ ಅರಿಸಿನ ಕುಂಕುಮ ಹಿಡಿದು ಬಂದರು. ಪಕ್ಕದ ಹೊಲದ ಹೆಂಗಸು ತನಗೆ ಉಳಿದಿದ್ದರಲ್ಲೇ ಒಂದು ಮೊರ ರಾಗಿಯನ್ನು ಬಾಣಂತಿಗೆಂದು ತಂದಿದ್ದಳು.

ರೈತ ಅವಳನ್ನು ಕೇಳಿದ: "ಅಕ್ಕಾ, ಆನೆ ಹೀಗೂ ಬರುತ್ತದೆಂದು ನನಗೆ ಒಬ್ಬರೂ ಹೇಳಲಿಲ್ಲವಲ್ಲ?"

"ನನ್ನ ಹೊಲದಲ್ಲಿ ನಿಂತು ಎಲ್ಲರಿಗೂ ಹೇಳಿದೆನಪ್ಪ," ಎಂದಳು ಅವಳು. "ನೀನು ಬರಲೇ ಇಲ್ಲ."

ಗುರುಗಳು ಕತೆ ನಿಲ್ಲಿಸಿದರು. ಸಿದ್ದಮಲ್ಲನಿಗೆ ರೈತನ ಮೇಲೆ ಮರುಕ ಬಂತು. ಅವನ ಹೊಲಕ್ಕೆ ಆನೆ ಬಂದದ್ದು ಅದೇ ಮೊದಲು, ಪಾಪ ಅವನಿಗೆ ಹೇಗೆ ತಿಳಿಯಬೇಕು ಎಂದು ವಾದಕ್ಕೆ ನಿಂತ.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಹೇಳಿದರು: "ಮೊದಲನೆಯ ಸಲ ಅವನಿಗೆ ಕಣೋ ಮಲ್ಲ, ಆನೆಗಲ್ಲ."